ಯಾರೂ ಬೀಳದ ಮನೆ

ಇವತ್ತು ಬೆಳಿಗ್ಗೆ ನಮ್ಮ ಹಿತ್ತಲಿನಲ್ಲಿ ದೊಪ್ಪೆಂದು ಒಂದು ಸದ್ದಾಯಿತು. ಮುಂದಿನ ವರಾಂಡದಲ್ಲಿ ಪೇಪರ್ ಓದುತ್ತಿದ್ದ ನಮ್ಮ ಯಜಮಾನರು ಪೇಪರಿನೊಳಗಿಂದಲೇ "ಏನೇ ಅದು?" ಎಂದು ಕೂಗಿದರು. ನಾನು ಒಂದು ಕ್ಷಣವೂ ತಡಮಾಡದೆ "ನಾನಲ್ಲ!" ಎಂದೆ.

ಹಾಗೆನ್ನುವಾಗ ನಾನು ಬಟ್ಟೆ ಒಗೆಯುವ ಕಲ್ಲಿನ ಪಕ್ಕ ನೆಲದ ಮೇಲೆ ಕೂತಿದ್ದೆ. ಕೂತಿದ್ದೆ ಎನ್ನುವುದು ಮರ್ಯಾದೆಯ ಮಾತು. ಒಂದು ಕಾಲು ಮುಂದಕ್ಕೆ ಚಾಚಿತ್ತು, ಇನ್ನೊಂದು ನನ್ನದೇ ಭಾರದ ಕೆಳಗೆ ಎಲ್ಲೋ ಇತ್ತು, ಹಿಂಡಿ ಒಣಹಾಕಲು ಹಿಡಿದಿದ್ದ ಟವೆಲ್ಲು ತಲೆಯ ಮೇಲಿತ್ತು. ಸೊಂಟ ಮುಟ್ಟಿಕೊಂಡೆ, ಮಣಿಕಟ್ಟು ತಿರುಗಿಸಿದೆ, ಕಾಲ್ಬೆರಳು ಆಡಿಸಿದೆ. ಎಲ್ಲವೂ ಹೇಳಿದ ಮಾತು ಕೇಳಿದವು. ಆಮೇಲೆ ಏಳಲು ನೋಡಿದೆ. ಏಳಲಾಗಲಿಲ್ಲ. ನೆಲದಿಂದ ಏಳುವುದನ್ನು ನನ್ನ ಮೊಣಕಾಲುಗಳು ಯಾವಾಗಲೋ ಮರೆತುಬಿಟ್ಟಿದ್ದವು, ನನಗೆ ಹೇಳಿರಲಿಲ್ಲ ಅಷ್ಟೆ.

ಬಿದ್ದ ಹೆಂಗಸು 'ಅಯ್ಯೋ' ಅನ್ನುವುದು ಬಿಟ್ಟು 'ನಾನಲ್ಲ' ಅನ್ನುವುದು ಯಾವ ಊರಿನ ಪದ್ಧತಿ ಎಂದು ನೀವು ಕೇಳಬಹುದು. ಊರಿನದಲ್ಲ, ನಮ್ಮ ಮನೆಯದು. ಅದನ್ನು ಹಾಕಿಕೊಟ್ಟು ಹೋದವರು ನಮ್ಮತ್ತೆ. ಹೇಗೂ ನಾನು ಸದ್ಯಕ್ಕೆ ಎಲ್ಲಿಗೂ ಹೋಗುವ ಹಾಗಿರಲಿಲ್ಲವಲ್ಲ, ಆ ಕಲ್ಲಿಗೆ ಒರಗಿ ಕೂತಾಗ ಅವರ ಕಥೆಯೆಲ್ಲ ಸಾಲಾಗಿ ನೆನಪಿಗೆ ಬಂತು. ನೀವೂ ಎಲ್ಲಾದರೂ ಗಟ್ಟಿಯಾದ ಕಡೆ ನೋಡಿ ಕೂತುಕೊಳ್ಳಿ, ಹೇಳುತ್ತೇನೆ.

ನಮ್ಮದು ಶ್ರೀನಿವಾಸಪುರ. ಮಾವಿನ ಮಂಡಿ ಇಟ್ಟವರ ಮನೆ. ಮಂಡಿಯವರಿಗೆ ಬೀಳುವುದು ಎಂದರೆ ಆಗಿಬರುವುದಿಲ್ಲ. ತೋಟದಲ್ಲಿ ಕಾಯನ್ನು ಬಲೆ ಕಟ್ಟಿದ ಕೋಲಿನಲ್ಲಿ ಕೀಳುತ್ತಾರೆ, ನೆಲಕ್ಕೆ ಬೀಳಗೊಡುವುದಿಲ್ಲ. ಬಿದ್ದ ಕಾಯಿ ಆ ಹೊತ್ತಿಗೆ ನೋಡಲು ಚೆನ್ನಾಗಿಯೇ ಇರುತ್ತದೆ. ಗೀರು ಕೂಡ ಇರುವುದಿಲ್ಲ. ಹಣ್ಣಿಗಿಟ್ಟ ಮೇಲೆ ಒಳಗಿನಿಂದ ಕಪ್ಪಗಾಗುತ್ತಾ ಬಂದು ಪಕ್ಕದಲ್ಲಿರುವುದನ್ನೂ ಕೆಡಿಸುತ್ತದೆ. ಅದಕ್ಕೇ ರಾಶಿಯ ಮುಂದೆ ಕೂತು ವಿಂಗಡಿಸುವವರು ಬಿದ್ದದ್ದನ್ನು ಮೊದಲೇ ಪತ್ತೆಹಚ್ಚಿ ಪಕ್ಕಕ್ಕೆ ಎಸೆಯುತ್ತಾರೆ. ಆ ಪಕ್ಕದ ಗುಡ್ಡೆಯಲ್ಲಿದ್ದದ್ದು ಉಪ್ಪಿನಕಾಯಿಯವರ ಪಾಲು. ಅದರ ಕಡೆ ಮತ್ತೆ ಯಾರೂ ತಿರುಗಿ ನೋಡುವುದಿಲ್ಲ.

ನಮ್ಮ ಮಂಡಿಯಲ್ಲಿ ಆ ಕೆಲಸ ಅತ್ತೆಯದು. ಯಜಮಾನಿಕೆ ಮಗನ ಕೈಗೆ ಬಂದ ಮೇಲೂ ರಾಶಿಯ ಮುಂದಿನ ಜಾಗವನ್ನು ಅವರು ಬಿಟ್ಟುಕೊಡಲಿಲ್ಲ. ಕಾಲು ಚಾಚಿ ಕೂತು, ಕಾಯನ್ನು ಅಂಗೈಯಲ್ಲಿ ಒಮ್ಮೆ ಹೊರಳಿಸಿ, ತೊಟ್ಟಿನ ಹತ್ತಿರ ಹೆಬ್ಬೆರಳಲ್ಲಿ ಒತ್ತಿ, "ಬಿದ್ದಿದ್ದು" ಎಂದು ಪಕ್ಕಕ್ಕೆ ಎಸೆದರೆ ಮುಗಿಯಿತು. ಅಪೀಲಿಲ್ಲ. ಆ ಹೆಬ್ಬೆರಳನ್ನು ಊರಿನವರು ಬಹಳ ಹೊಗಳುತ್ತಿದ್ದರು. ಸೊಸೆಯಾಗಿ ಪಕ್ಕದಲ್ಲೇ ಕೂತು ನೋಡಿದ ನನಗೆ ಗೊತ್ತಿರುವುದೇನೆಂದರೆ, ಅತ್ತೆಗೆ ಆಗದವರ ತೋಟದಿಂದ ಲೋಡು ಬಂದ ದಿನ ಕಾಯಿಗಳು ಸ್ವಲ್ಪ ಜಾಸ್ತಿಯೇ ಬಿದ್ದಿರುತ್ತಿದ್ದವು.

ಅಂಥ ನಮ್ಮತ್ತೆ ಬಿದ್ದದ್ದು ಒಂದು ಕೋತಿಯ ದೆಸೆಯಿಂದ. ಸುಗ್ಗಿ ಮುಗಿಯುತ್ತಾ ಬಂದಿತ್ತು. ಹಿತ್ತಲಿನ ಮರದಲ್ಲಿ ಮನೆಗೆಂದು ಬಿಟ್ಟಿದ್ದ ನಾಲ್ಕು ಕಾಯಿಗೆ ಕೋತಿ ಕೈಹಾಕಿತು. ಅತ್ತೆ ಕೋಲು ತೆಗೆದುಕೊಂಡು ಹೊರಟರು. ಕೋತಿ ಕೊಂಬೆಯಿಂದ ಕಾಂಪೌಂಡಿಗೆ, ಕಾಂಪೌಂಡಿನಿಂದ ಪಕ್ಕದ ಮನೆಯ ಶೀಟಿಗೆ ಹಾರಿತು. ಅತ್ತೆ ಈ ಒಗೆಯುವ ಕಲ್ಲಿನ ತನಕ ಬಂದು, ಇಲ್ಲೇ, ನಾನು ಇವತ್ತು ಕೂತ ಜಾಗದಲ್ಲೇ, ಪಾಚಿಯ ಮೇಲೆ ಕಾಲಿಟ್ಟರು. ಸೊಂಟದ ಮೂಳೆ ಮುರಿಯಿತು. ಕೋಲಾರದ ಆಸ್ಪತ್ರೆಯಲ್ಲಿ ರಾಡು ಹಾಕಿದರು. ನೋವಿನ ಇಂಜೆಕ್ಷನ್ನಿನ ಮತ್ತಿನಲ್ಲೂ ಅವರು ಕೇಳಿದ ಮೊದಲ ಮಾತು, "ಕಾಯಿ ಕಿತ್ಕೊಂಡು ಹೋಯ್ತಾ ಅದು?" ಎಂದು.

ಆಸ್ಪತ್ರೆಯ ದಿನಗಳ ವಿಷಯ ಬಿಡಿ. ಅಲ್ಲಿ ಹೆದರಿಕೆಯಲ್ಲಿ ಡಾಕ್ಟರು, ನರ್ಸುಗಳು ಪಾಲು ತೆಗೆದುಕೊಂಡಿದ್ದರು. ನಿಜವಾದ ಹೆದರಿಕೆ ಶುರುವಾದದ್ದು ಮನೆಗೆ ಕಳಿಸಿದ ಮೇಲೆ. ಹೊರಡುವಾಗ ಡಾಕ್ಟರು ನನ್ನನ್ನೇ ನೋಡಿ, "ಇನ್ನೊಂದು ಸಲ ಬೀಳದ ಹಾಗೆ ನೋಡ್ಕೊಳಿ ಅಮ್ಮ, ಅದೊಂದೇ" ಎಂದರು. ಮದುವೆಯಾಗಿ ಬಂದಾಗಿನಿಂದ ಯಾವೊಂದು ವಿಷಯದಲ್ಲೂ ಅತ್ತೆಯನ್ನು ತಡೆಯಲಾಗದ ನನಗೆ ಈ ಕೆಲಸ ವಹಿಸಿದರು. ನಾನು ತಲೆಯಾಡಿಸಿದೆ. ಗಾಲಿಕುರ್ಚಿಯಲ್ಲಿ ಕೂತಿದ್ದ ಅತ್ತೆ ನನ್ನನ್ನು ಕೆಳಗಿನಿಂದ ಮೇಲಕ್ಕೆ ನೋಡಿ ನಕ್ಕರು.

ಅವರ ಮಗಳು, ನಮ್ಮ ಯಜಮಾನರ ಅಕ್ಕ, ಶಾರದಕ್ಕ, ಇರುವುದು ಕೋಲಾರದಲ್ಲಿ. ಆಸ್ಪತ್ರೆಯಲ್ಲಿ ಅಮ್ಮನ ಮಂಚದ ಪಕ್ಕ ನೆಲದ ಮೇಲೆ ಚಾಪೆ ಹಾಸಿ ಮಲಗಿದವಳು ಅವಳೇ. ಅಮ್ಮ ನೋವಿಗೆ ಅರಚಿದ್ದನ್ನು ಹತ್ತಿರದಿಂದ ಕೇಳಿದವಳೂ ಅವಳೇ. ಅದಕ್ಕೆ ಅವಳ ಮಾತನ್ನು ನಾನು ಇವತ್ತೂ ತಪ್ಪು ಅನ್ನಲಾರೆ. ಅಮ್ಮನನ್ನು ನಮ್ಮ ಮನೆಯ ಮಂಚದ ಮೇಲೆ ಮಲಗಿಸಿ, ಹೊದಿಕೆ ಸರಿಮಾಡಿ, ಬೆರಳು ತೋರಿಸಿ ಹೇಳಿದಳು:

"ನೋಡಮ್ಮ, ನೀನು ಹಟ ಹಿಡಿದೆ ಅಂತ ಇಲ್ಲಿಗೆ ಬಿಡ್ತಿದೀನಿ. ಇನ್ನೊಂದ್ ಸಲ ಬಿದ್ದೆ ಅಂದ್ರೆ ಸೀದಾ ಕೋಲಾರ. ನನ್ ಕಣ್ಮುಂದೆ ಇರ್ತೀಯ. ಮಂಡಿ ಗಿಂಡಿ ಎಲ್ಲ ಬಂದ್. ಮಾತೇ ಇಲ್ಲ."

ಶಾರದಕ್ಕನ ಮನೆ ಮೊದಲ ಮಹಡಿಯಲ್ಲಿದೆ. ಮುಖ ಕಾಣುವಷ್ಟು ಹೊಳೆಯುವ ಟೈಲ್ಸು, ಒಂದು ಸೋಫಾ, ಒಂದು ಟೀವಿ. ಕಿಟಕಿಯಿಂದ ನೋಡಿದರೆ ಎದುರು ಮನೆಯ ಕಿಟಕಿ. ಅತ್ತೆ ಅಲ್ಲಿಗೆ ಹಬ್ಬಕ್ಕೆ ಹೋದರೂ ಸಂಜೆಯ ಬಸ್ಸಿಗೆ ವಾಪಸ್ಸು ಬರುತ್ತಿದ್ದರು. ಮಗಳ ಮಾತಿಗೆ ಅವರು ಏನೂ ಅನ್ನಲಿಲ್ಲ. ಅತ್ತೆ ಏನೂ ಅನ್ನದಿದ್ದಾಗ ನಾವು ಹುಷಾರಾಗಿರಬೇಕಿತ್ತು.

ಆಮೇಲೆ ನಮ್ಮ ಮನೆಯ ವೇಷವೇ ಬದಲಾಯಿತು. ವೇಮಗಲ್‌ನ ಫ್ಯಾಕ್ಟರಿಯಲ್ಲಿ ಕೆಲಸ ಮಾಡುವ ನಮ್ಮವರ ಚಿಕ್ಕಪ್ಪನ ಮಗ ಅಲ್ಲಿ ಎಚ್ಚರಿಕೆಗೆಂದು ನೆಲಕ್ಕೆ ಅಂಟಿಸುವ ಹಳದಿ ಕಪ್ಪು ಪಟ್ಟಿಯಂಥದ್ದನ್ನೇ ಅಂಗಡಿಯಿಂದ ತಂದು ಹೊಸ್ತಿಲುಗಳಿಗೆಲ್ಲ ಅಂಟಿಸಿದ. ದೇವರ ಮನೆಯ ಹೊಸ್ತಿಲನ್ನೂ ಬಿಡಲಿಲ್ಲ. ಅರಿಶಿನ ಹಚ್ಚುವ ಕೆಲಸ ಉಳಿಯಿತು ಎಂದು ನಾನೂ ಸುಮ್ಮನಿದ್ದೆ. ನಮ್ಮವರು ತಮಗೆ ಗೊತ್ತಿದ್ದ ವಿದ್ಯೆ ತೋರಿಸಿದರು. ಒಂದು ಮಧ್ಯಾಹ್ನ ಮಂಡಿಯಿಂದ ಭತ್ತದ ಹುಲ್ಲಿನ ಹೊರೆ ತರಿಸಿ, ಅತ್ತೆಯ ಮಂಚದ ಸುತ್ತ ಮೆತ್ತಗೆ ಹಾಸಿದರು. ಬಾದಾಮಿ ಮಾವಿನ ಕಾಯಿಗೆ ಹಾಸುವ ಹಾಗೆ, ಒಂದರ ಮೇಲೊಂದು, ಎರಡು ಪದರ.

"ಏನೋ ಇದು?" ಎಂದರು ಅತ್ತೆ.

"ಬಿದ್ರೂ ಏಟಾಗ್ಬಾರ್ದು ಅಂತ ಅಮ್ಮ."

"ನನ್ನ ಹಣ್ಣಿಗಿಡ್ತಿದೀಯೇನೋ?"

ಆ ಹುಲ್ಲಿನ ಮೇಲೆ ಮೊದಲು ಜಾರಿದ್ದು ಗಂಜಿ ತಂದ ನಾನು. ಎರಡನೆಯವರು ಹುಲ್ಲು ಹಾಸಿದವರೇ. ಹುಲ್ಲಿನ ಮೇಲೆ ಕಾಯಿ ಸುಮ್ಮನೆ ಮಲಗುತ್ತದೆ, ಮನುಷ್ಯರು ನಡೆಯುತ್ತಾರೆ ಎಂಬ ವ್ಯತ್ಯಾಸ ಮಂಡಿಯವರ ತಲೆಗೆ ಹೊಳೆದಿರಲಿಲ್ಲ. ಅತ್ತೆ ಮಂಚದ ಮೇಲೆ ಕೂತು, ಇಬ್ಬರೂ ಬೀಳುವುದನ್ನು ನೋಡಿ, ಹೆಬ್ಬೆರಳು ಎತ್ತಿ "ಬಿದ್ದಿದ್ದು" ಎಂದರು. ಅವತ್ತೇ ಹುಲ್ಲು ಪಕ್ಕದ ಮನೆಯ ಹಸುವಿನ ಪಾಲಾಯಿತು.

ನೋಡಲು ಬಂದವರ ವಿಷಯ ಹೇಳದಿದ್ದರೆ ಪಾಪ ಬರುತ್ತದೆ. ಕ್ಯಾಲನೂರಿನಿಂದ, ಮುಳಬಾಗಿಲಿನಿಂದ, ಎಲ್ಲೆಲ್ಲಿಂದಲೋ ನೆಂಟರು ಬಂದರು. ಬಂದವರೆಲ್ಲ ಹಣ್ಣು ತಂದರು, ಅದನ್ನು ತಾವೇ ಸುಲಿದು ತಿನ್ನುತ್ತಾ ಒಂದೊಂದು ಕಥೆ ಹೇಳಿದರು. ಎಲ್ಲ ಕಥೆಗಳೂ ಒಂದೇ ದಾರಿಯಲ್ಲಿ ಹೋಗುತ್ತಿದ್ದವು: "ನಮ್ಮ ದೊಡ್ಡಮ್ಮಂಗೂ ಹಿಂಗೇ ಆಗಿತ್ತು. ಆಪರೇಷನ್ ಚೆನ್ನಾಗೇ ಆಯ್ತು. ಮನೇಗ್ ಬಂದು ಓಡಾಡ್ತಿದ್ರು. ಒಂದಿನ ಬಚ್ಚಲಲ್ಲಿ ಬಿದ್ರು ನೋಡಿ..." ಅಷ್ಟು ಹೇಳಿ ಬಾಳೆಹಣ್ಣಿನ ಸಿಪ್ಪೆಯನ್ನು ತಟ್ಟೆಗೆ ಹಾಕಿ ನಿಟ್ಟುಸಿರು ಬಿಡುತ್ತಿದ್ದರು. ಅತ್ತೆಗೆ ಈ ಕಥೆಗಳಿಂದ ಏನೂ ಆಗಲಿಲ್ಲ. ಹೆದರಿದವಳು ನಾನು. ಸ್ನಾನಕ್ಕೆ ಹೋದರೆ ಬಾಗಿಲ ಹೊರಗೆ ನಾನು, ವಾಕರ್ ಹಿಡಿದು ನಡೆದರೆ ಹಿಂದೆ ನಾನು. "ಏನೇ ಅಮ್ಮಾಯಿ, ನೆರಳಿಗಾದ್ರೂ ಮಧ್ಯಾಹ್ನ ರಜ ಇರುತ್ತೆ" ಎಂದು ಅತ್ತೆ ರೇಗುತ್ತಿದ್ದರು. ಅವರು ನನ್ನನ್ನು ಕರೆಯುತ್ತಿದ್ದದ್ದು ತೆಲುಗಿನ ಹಾಗೆ ಅಮ್ಮಾಯಿ ಎಂದು. ಕೋಪ ಜಾಸ್ತಿಯಾದರೆ ಮಾತು ಪೂರ್ತಿ ತೆಲುಗಿಗೆ ಹೋಗುತ್ತಿತ್ತು.

'ನಾನಲ್ಲ' ಹುಟ್ಟಿದ್ದು ಆಗಲೇ. ಮನೆಯೆಂದ ಮೇಲೆ ಏನಾದರೂ ಬೀಳುತ್ತಲೇ ಇರುತ್ತದೆ ಎಂಬುದು ನಮಗೆ ಅಲ್ಲಿಯವರೆಗೆ ಗೊತ್ತೇ ಇರಲಿಲ್ಲ. ಅಡುಗೆಮನೆಯಲ್ಲಿ ಮುಚ್ಚಳ ಬಿದ್ದರೆ, ಹಿತ್ತಲಿನಲ್ಲಿ ತೆಂಗಿನ ಗರಿ ಬಿದ್ದರೆ, ಬೆಕ್ಕು ಡಬ್ಬಿ ಕೆಡವಿದರೆ, ನಾನೂ ನಮ್ಮವರೂ ಇದ್ದ ಕೆಲಸ ಬಿಟ್ಟು "ಅತ್ತೇ!" "ಅಮ್ಮಾ!" ಎಂದು ಕೂಗಿ ಓಡುತ್ತಿದ್ದೆವು. ಅತ್ತೆ ಮಂಚದ ಮೇಲೆ ಎಲೆಅಡಿಕೆ ಹಾಕಿಕೊಂಡು ನೆಟ್ಟಗೆ ಕೂತಿರುತ್ತಿದ್ದರು. ಹೀಗೆ ನಾವು ಓಡಿ ಓಡಿ ಬರುವುದನ್ನು ನೋಡಿ ಸಾಕಾಗಿ ಅವರೇ ಒಂದು ಉಪಾಯ ಮಾಡಿದರು. ಎಲ್ಲಿ ಏನು ಬಿದ್ದ ಸದ್ದಾದರೂ ನಾವು ಬಾಯಿ ತೆರೆಯುವ ಮೊದಲೇ ಒಳಗಿನಿಂದ ಗಟ್ಟಿಯಾಗಿ "ನಾನಲ್ಲ!" ಎನ್ನುವುದು. ನಮಗೂ ಅನುಕೂಲವಾಯಿತು. ಕಾಲಿಗೆ ಆರಾಮ. ಸದ್ದು, ಆಮೇಲೆ 'ನಾನಲ್ಲ', ಆಮೇಲೆ ನಮ್ಮ ಕೆಲಸ. ಒಂದು ದಿನ ಬೀದಿಯಲ್ಲಿ ಯಾರೋ ಗೂಡ್ಸ್ ಆಟೋದಿಂದ ಸಿಮೆಂಟ್ ಮೂಟೆ ಇಳಿಸಿದ್ದಕ್ಕೂ ಒಳಗಿನಿಂದ 'ನಾನಲ್ಲ' ಬಂತು. ಶಾರದಕ್ಕ ದಿನಾ ಫೋನ್ ಮಾಡಿ ಕೇಳುತ್ತಿದ್ದಳು, ನಾವು ಬಹಳ ಹೆಮ್ಮೆಯಿಂದ, "ಒಂದ್ ಸಲಾನೂ ಬಿದ್ದಿಲ್ಲ" ಎನ್ನುತ್ತಿದ್ದೆವು.

ಕಳ್ಳನ ಕೈಗೇ ಬೀಗದ ಕೈ ಕೊಟ್ಟಿದ್ದೇವೆ ಎಂದು ಗೊತ್ತಾಗಲು ಕಾರ್ತಿಕ ಮಾಸ ಬರಬೇಕಾಯಿತು. ಆ ಮಧ್ಯಾಹ್ನ ನಾನು ಅಡುಗೆಮನೆಯಲ್ಲಿ ಅವರೆಕಾಯಿ ಬಿಡಿಸುತ್ತಿದ್ದೆ. ದೊಪ್ಪೆಂದಿತು. ಹಿಂದೆಯೇ "ನಾನಲ್ಲ!" ಎಂದಿತು. ನಾನು ಇನ್ನೊಂದು ಕಾಯಿ ಕೈಗೆತ್ತಿಕೊಂಡೆ. ಆಮೇಲೆ ಕೈ ನಿಂತಿತು. ಅಷ್ಟು ತಿಂಗಳು ಕೇಳಿ ಕೇಳಿ ಆ ಧ್ವನಿ ಎಷ್ಟು ಎತ್ತರದಿಂದ ಬರುತ್ತದೆ ಎಂಬುದು ನನ್ನ ಕಿವಿಗೆ ರೂಢಿಯಾಗಿತ್ತು. ಇದು ಮಂಚದ ಮೇಲಿನಿಂದ ಬಂದದ್ದಲ್ಲ. ಕೆಳಗಿನಿಂದ ಬಂದದ್ದು.

ಹೋಗಿ ನೋಡಿದೆ. ಅತ್ತೆ ಮಂಚದ ಪಕ್ಕ ನೆಲದ ಮೇಲೆ ಕಾಲು ಚಾಚಿ ಕೂತಿದ್ದರು. ಸೆರಗು ಸರಿಯಾಗಿತ್ತು. ಕೈಯಲ್ಲಿ ಬಾಚಣಿಗೆ ಹಿಡಿದು, ಜಗತ್ತಿನಲ್ಲಿ ಎಲ್ಲರೂ ತಲೆ ಬಾಚುವುದು ಹೀಗೇ ಎಂಬಂತೆ ಬಾಚುತ್ತಿದ್ದರು.

"ಬಿದ್ರಾ ಅತ್ತೆ?"

"ಬಾಚಣಿಗೆ ಬಿತ್ತು."

"ಬಾಚಣಿಗೆ ದೊಪ್ ಅನ್ನುತ್ತಾ?"

"ಈಗಿನ ಬಾಚಣಿಗೆ."

"ಅತ್ತೆ, ನೆಲದ ಮೇಲೆ ಯಾಕಿದೀರ?"

"ಬಿದ್ದಿಲ್ಲ ಕಣೇ. ಇಳ್ದೆ."

ನನಗೆ ಅಳು, ನಗು, ಸಿಟ್ಟು ಎಲ್ಲ ಒಟ್ಟಿಗೆ ಬಂದವು. ಇದು ಎಷ್ಟನೆಯ ಸಲ ಎಂದು ಕೇಳಿದೆ. ಹೇಳಲಿಲ್ಲ. ಹಿಂದೆ ಬಂದ 'ನಾನಲ್ಲ'ಗಳನ್ನೆಲ್ಲ ಒಂದೊಂದಾಗಿ ನೆನೆಸಿಕೊಂಡೆ. ಫೋನ್ ಮಾಡುತ್ತೇನೆ, ಇವರನ್ನೂ ಕರೆಯುತ್ತೇನೆ, ಶಾರದಕ್ಕನನ್ನೂ ಕರೆಯುತ್ತೇನೆ ಎಂದು ಹೊರಟೆ. ಅತ್ತೆ ನನ್ನ ಸೀರೆಯ ನೆರಿಗೆ ಹಿಡಿದುಕೊಂಡರು. ಅವರು ಯಾರನ್ನೂ ಹಾಗೆ ಹಿಡಿದುಕೊಂಡದ್ದನ್ನು ನಾನು ನೋಡಿರಲಿಲ್ಲ.

"ಅಮ್ಮಾಯಿ, ಬಿದ್ದ ಕಾಯಿನ ಎಲ್ಲಿಗೆ ಹಾಕ್ತೀವಿ?" ಎಂದರು.

"ಪಕ್ಕಕ್ಕೆ."

"ಪಕ್ಕಕ್ಕೆ ಹಾಕಿದ್ಮೇಲೆ ಅದು ರಾಶಿಗೆ ವಾಪಸ್ ಬಂದಿದ್ದು ನೋಡಿದೀಯಾ ಯಾವತ್ತಾದ್ರೂ?"

ನೋಡಿಲ್ಲ ಎಂದು ತಲೆಯಾಡಿಸಿದೆ.

"ಅವಳು ಒಳ್ಳೇವ್ಳೇ. ನನ್ನ ಸೋಫಾ ಮೇಲೆ ಇಟ್ಟು, ದಿಂಬು ಕೊಟ್ಟು, ಹೊತ್ತೊತ್ತಿಗೆ ಹಾಕ್ತಾಳೆ. ನಾನು ಅಲ್ಲಿ ಕೂತ್ಕೊಂಡು ಒಳಗಿಂದ ಕಪ್ಪಾಗ್ತೀನಿ. ಬಿದ್ದಿದ್ದಕ್ಕಲ್ಲ ಕಣೇ, ಪಕ್ಕಕ್ಕೆ ಹಾಕಿದ್ದಕ್ಕೆ. ಮುಂದಿನ ಸುಗ್ಗಿಗೆ ರಾಶಿ ಮುಂದೆ ನಾನು ಕೂರ್ಬೇಕು. ಆಮೇಲ್ ಎಲ್ಲಿಗ್ ಬೇಕಾದ್ರೂ ಹಾಕ್ಕೊಳಿ."

ಒಬ್ಬ ಹೆಂಗಸಿನ ಜೀವ ಹೆಚ್ಚೋ, ಅವಳ ಹಟ ಹೆಚ್ಚೋ ಎಂದು ನೀವು ನನ್ನನ್ನು ಕೇಳಿದರೆ ನನಗೆ ಇವತ್ತೂ ಗೊತ್ತಿಲ್ಲ. ಅವತ್ತು ಗೊತ್ತಿದ್ದದ್ದು ಇಷ್ಟೇ. ಇವರು ಇನ್ನೂ ಬೀಳುತ್ತಾರೆ. ನಾನು ಹೇಳಿದರೂ ಬೀಳುತ್ತಾರೆ, ಹೇಳದಿದ್ದರೂ ಬೀಳುತ್ತಾರೆ. ಹೇಳಿದರೆ ಕೋಲಾರದ ಟೈಲ್ಸಿನ ಮೇಲೆ ಬಿದ್ದು ಅಲ್ಲೂ 'ನಾನಲ್ಲ' ಅನ್ನುತ್ತಾರೆ, ಅಲ್ಲಿ ಧ್ವನಿಯ ಎತ್ತರ ಗೊತ್ತಿರುವವರು ಯಾರೂ ಇಲ್ಲ. ನಾನು ಅವರ ಪಕ್ಕ ನೆಲದ ಮೇಲೆ ಕೂತೆ. ಅತ್ತೆ ನನ್ನ ತೊಡೆಯ ಮೇಲೆ ಕೈಯಿಟ್ಟು, "ಊರ್ಕೋ, ಏಮೀ ಕಾಲೇದು" ಎಂದು ಸಮಾಧಾನ ಹೇಳಿದರು. ಬಿದ್ದವರು ಅವರು, ಏನೂ ಆಗಿಲ್ಲ ಸುಮ್ಮನಿರು ಎಂದು ಹೇಳಿಸಿಕೊಂಡವಳು ನಾನು.

ಕೊನೆಗೆ ಒಪ್ಪಂದವಾಯಿತು. ಊರಿಗೆಲ್ಲ 'ನಾನಲ್ಲ' ಅನ್ನಲಿ, ನನಗೊಬ್ಬಳಿಗೆ ನಿಜ ಹೇಳಬೇಕು. ನಾನು ಶಾರದಕ್ಕನಿಗೆ ಹೇಳುವುದಿಲ್ಲ, ಆದರೆ ಡಾಕ್ಟರಿಗೆ ಹೇಳುತ್ತೇನೆ. ಅತ್ತೆ ಡಾಕ್ಟರ ವಿಷಯಕ್ಕೆ ಮುಖ ಗಂಟಿಕ್ಕಿದರೂ ಒಪ್ಪಿದರು. ಮಾರನೆಯ ದಿನವೇ, ಪರೀಕ್ಷೆಗೆ ಹೋಗುವ ದಿನ ಹತ್ತಿರ ಬಂತು ಎಂದು ಮನೆಯಲ್ಲಿ ಹೇಳಿ, ಕರೆದುಕೊಂಡು ಹೋದೆ. ಎಕ್ಸ್‌ರೇ ತೆಗೆಸಿದೆವು. ರಾಡು ಇದ್ದಲ್ಲೇ ಇತ್ತು, ಮೂಳೆ ಕೂಡಿತ್ತು. ಡಾಕ್ಟರು ನನ್ನನ್ನು ಗದರಿ, ಅತ್ತೆಯನ್ನು ಗದರಿ, ರಾತ್ರಿ ಕೊಡುತ್ತಿದ್ದ ಒಂದು ಮಾತ್ರೆಯಿಂದ ತಲೆ ತಿರುಗುತ್ತಿರಬಹುದು ಎಂದು ಅದನ್ನು ಬದಲಿಸಿದರು. ವ್ಯಾಯಾಮ ಮಾಡಿಸುವ ಹುಡುಗಿಯನ್ನು ಕರೆದು, ಇವರಿಗೆ ನೆಲದಿಂದ ಏಳುವುದನ್ನು ಹೇಳಿಕೊಡಿ ಎಂದರು. ಬೀಳದಿರುವುದನ್ನು ಎಲ್ಲರೂ ಹೇಳಿಕೊಟ್ಟಿದ್ದರು. ಏಳುವುದನ್ನು ಹೇಳಿಕೊಟ್ಟದ್ದು ಅವತ್ತೇ ಮೊದಲು.

ಅದೇನು ದೊಡ್ಡ ವಿದ್ಯೆಯಲ್ಲ. ಅವಸರ ಮಾಡದೆ ಸ್ವಲ್ಪ ಹೊತ್ತು ಹಾಗೇ ಕೂರಬೇಕು. ಎಲ್ಲೂ ನೋವಿಲ್ಲ ಎಂದು ನೋಡಿಕೊಳ್ಳಬೇಕು. ಪಕ್ಕಕ್ಕೆ ಹೊರಳಿ, ಮೊಣಕಾಲೂರಿ, ಅಲುಗದ ಏನಾದರೊಂದರ ಮೇಲೆ ಕೈಯಿಟ್ಟು, ಗಟ್ಟಿ ಕಾಲನ್ನು ಮೊದಲು ಮುಂದಿಟ್ಟು ಏಳಬೇಕು. ಅಲ್ಲಿ ಸ್ಟೂಲಿತ್ತು. ನಮ್ಮ ಮನೆಯ ಸ್ಟೂಲು ಮೊದಲಿನಿಂದಲೂ ನಂಬಿಕೆಗೆ ಅರ್ಹವಲ್ಲ. ಅತ್ತೆಯೇ ಹಿತ್ತಲಿನ ಶೆಡ್ಡಿನಿಂದ ಮಾವಿನ ಕ್ರೇಟು ತರಿಸಿದರು, ಮಂಡಿಯಲ್ಲಿ ಕಾಯಿ ತುಂಬುವ ಪ್ಲಾಸ್ಟಿಕ್ಕಿನ ಕ್ರೇಟು. ಕೆಳಗೊಂದು ಒದ್ದೆ ಗೋಣಿ ಹಾಕಿ, ಅದನ್ನು ಬೋರಲು ಹಾಕಿ, ಮೇಲೆ ಎರಡು ಕೈ ಊರಿ ಎದ್ದು ನಿಂತು ತೋರಿಸಿದರು. ಆಮೇಲೆ ನಮ್ಮ ಸಂಕೇತವೂ ಅದೇ ಆಯಿತು. ಮೊದಲು "ನಾನಲ್ಲ!" ಸ್ವಲ್ಪ ಹೊತ್ತು ಬಿಟ್ಟು, ತೀರಾ ಮಾಮೂಲಿ ಧ್ವನಿಯಲ್ಲಿ, "ಅಮ್ಮಾಯಿ, ಒಂದ್ ಕ್ರೇಟು ತಗೊಂಡು ಬಾ."

ನಾನು ಕ್ರೇಟು ಹೊತ್ತು ಹೋಗುತ್ತಿದ್ದೆ. ವರಾಂಡದಲ್ಲಿ ಪೇಪರ್ ಓದುತ್ತಿದ್ದ ನಮ್ಮವರ ಮುಂದೆಯೇ ಹೋಗುತ್ತಿದ್ದೆ. ಅವರು ಪುಟ ತಿರುಗಿಸುತ್ತಿದ್ದರು. ಎಷ್ಟು ಸಲೀಸಾಗಿ ಮೋಸ ಹೋಗುತ್ತಾರಲ್ಲ ಈ ಗಂಡಸರು ಎಂದು ನಾನೂ ಅತ್ತೆಯೂ ಬಾಯಿಗೆ ಸೆರಗು ಮುಚ್ಚಿಕೊಂಡು ನಕ್ಕಿದ್ದೇವೆ. ಅಂಥ ನಗು ನನ್ನ ಮದುವೆಯಾದ ಮೇಲೆ ಆ ಮನೆಯಲ್ಲಿ ನಾನು ನಕ್ಕಿರಲಿಲ್ಲ. ನಮ್ಮಿಬ್ಬರ ನಡುವೆ ಅಷ್ಟು ವರ್ಷ ಇದ್ದದ್ದು ಮರ್ಯಾದೆ. ಸ್ನೇಹ ಶುರುವಾದದ್ದು ನೆಲದ ಮೇಲೆ.

ಸುಗ್ಗಿ ಬಂತು. ಅತ್ತೆ ರಾಶಿಯ ಮುಂದೆ ಕೂತರು. ನೆಲದ ಮೇಲಲ್ಲ, ಕುರ್ಚಿಯ ಮೇಲೆ. ಕಾಯಿ ಎತ್ತಿಕೊಡಲು ನಾನು ಪಕ್ಕದಲ್ಲಿದ್ದೆ. ಮೊದಲ ದಿನ ಶಾರದಕ್ಕ ಕೂಡ ಬಂದು ನೋಡಿದಳು. ಅಮ್ಮ ತೋತಾಪುರಿಯೊಂದನ್ನು ಒತ್ತಿ ಪಕ್ಕಕ್ಕೆ ಎಸೆದದ್ದನ್ನು ನೋಡಿ ಅವಳ ಕಣ್ಣು ತುಂಬಿತು. "ಒಂದ್ ಸಲಾನೂ ಬೀಳ್ದೆ ಹಿಂಗ್ ಆಗಿದಾಳಲ್ಲ, ಎಲ್ಲ ನಿನ್ನಿಂದ" ಎಂದು ನನ್ನ ಕೈ ಹಿಡಿದುಕೊಂಡಳು. ನಾನು ಅತ್ತೆಯನ್ನು ನೋಡಿದೆ. ಅತ್ತೆ ಮುಂದಿನ ಕಾಯಿಯನ್ನು ನೋಡುತ್ತಿದ್ದರು.

ಮತ್ತೆ ಬಿದ್ದರೇ ಎಂದರೆ, ಬಿದ್ದರು. ಒಂದೊಂದು ಸಲವೂ ನನ್ನ ಜೀವ ಬಾಯಿಗೆ ಬಂತು. ಮೂಳೆ ಮುರಿದಿದ್ದರೆ ನಾನು ಯಾರಿಗೂ ಮುಖ ತೋರಿಸುವ ಹಾಗಿರಲಿಲ್ಲ, ಅದೂ ನನಗೆ ಗೊತ್ತಿತ್ತು. ಮುರಿಯಲಿಲ್ಲ. ಮೂರು ಸುಗ್ಗಿ ಅತ್ತೆ ರಾಶಿಯ ಮುಂದೆ ಕೂತರು. ನಾವೆಲ್ಲ ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ನೆಲವನ್ನೇ ಕಾಯುತ್ತಿದ್ದೆವು. ಸಾವು ನೆಲದ ಕಡೆಯಿಂದ ಬರಲೇ ಇಲ್ಲ. ಒಂದು ಮಾಗಿಯಲ್ಲಿ ಜ್ವರ ಬಂತು, ಎದೆಗೆ ಇಳಿಯಿತು, ಅತ್ತೆ ಮಂಚದ ಮೇಲೆ ನೆಟ್ಟಗೆ ಮಲಗಿದ್ದ ಹಾಗೆಯೇ ಹೋದರು. ಬಂದವರೆಲ್ಲ "ಬೀಳ್ದೆ ಗೀಳ್ದೆ ಪುಣ್ಯವಂತರು ಹೋದ್ರು" ಎಂದರು. ನನಗೆ ಅಳುವಿನ ನಡುವೆ ನಗು ಬಂದುಬಿಟ್ಟಿತು. ಅದನ್ನು ನೋಡಿದವರು ಸೊಸೆಯರ ವಿಷಯದಲ್ಲಿ ಅನ್ನುವುದನ್ನೆಲ್ಲ ಅಂದುಕೊಂಡಿರಬೇಕು. ಅಂದುಕೊಳ್ಳಲಿ. ಅವರು ಹೋದ ಮೇಲೆ ಮನೆಯಲ್ಲಿ ಏನಾದರೂ ಬಿದ್ದರೆ, ಸದ್ದಿನ ಹಿಂದೆ ಉಳಿಯುತ್ತಿದ್ದ ಮೌನವನ್ನು ನನಗೆ ತಡೆಯಲಾಗುತ್ತಿರಲಿಲ್ಲ. ಹಾಗೇ ಒಂದು ದಿನ ಯಾವುದೋ ಲೋಟ ಬಿದ್ದಾಗ ನಾನೇ "ನಾನಲ್ಲ!" ಎಂದೆ. ಆವತ್ತಿನಿಂದ ಅದು ನನ್ನ ಬಾಯಿಗೆ ಬಂತು.

ಇದೆಲ್ಲ ನೆನೆಯುತ್ತಾ ಇವತ್ತು ಒಗೆಯುವ ಕಲ್ಲಿಗೆ ಒರಗಿ ಕೂತಿದ್ದೆನಲ್ಲ. ಬಿಸಿಲು ಕಾಂಪೌಂಡಿನಿಂದ ಇಳಿದು ಕಾಲಿಗೆ ತಾಗತೊಡಗಿತು. ಮಾವಿನ ಮರದ ಮೇಲೆ ಒಂದು ಕೋತಿ ಕೂತು ನನ್ನನ್ನೇ ನೋಡುತ್ತಿತ್ತು. ಅದೇ ಕೋತಿಯ ಮೊಮ್ಮಗನಿರಬೇಕು. ಕ್ರೇಟು ಶೆಡ್ಡಿನಲ್ಲಿತ್ತು, ಅಲ್ಲಿಗೆ ಹೋಗಬೇಕಾದರೆ ಮೊದಲು ಏಳಬೇಕಿತ್ತು. ಕೂಗೋಣವೆಂದರೆ ಯಾರನ್ನು ಕೂಗುವುದು? "ಅಮ್ಮಾಯಿ, ಒಂದ್ ಕ್ರೇಟು" ಎಂದರೆ ಎದ್ದು ಬರುತ್ತಿದ್ದ ಅಮ್ಮಾಯಿ ನಾನೇ. ಒಬ್ಬಳೇ ಇದ್ದೆ. ಆಗ ಅತ್ತೆಯ ಮೇಲೆ ಬಹಳ ಸಿಟ್ಟು ಬಂತು, ನನಗೊಬ್ಬ ಜೊತೆಗಾರ್ತಿಯನ್ನು ಬಿಟ್ಟು ಹೋಗಲಿಲ್ಲವಲ್ಲ ಎಂದು. ಸಿಟ್ಟಿನ ಹಿಂದೆಯೇ ಅಳುವೂ ಬಂತು. ಟವೆಲ್ಲು ಹೇಗೂ ತಲೆಯ ಮೇಲೇ ಇತ್ತು, ಒರೆಸಿಕೊಂಡೆ.

ಶೆಡ್ಡಿನ ಬಾಗಿಲು ಕಿರ್ರೆಂದಿತು. ನಮ್ಮವರು ಬರುತ್ತಿದ್ದರು. ಕಂಕುಳಲ್ಲಿ ಪೇಪರು ಇತ್ತು. ಒಂದು ಕೈಯಲ್ಲಿ ಕ್ರೇಟು, ಇನ್ನೊಂದು ಕೈಯಲ್ಲಿ ಗೋಣಿ.

ಬಂದವರೇ ತೊಟ್ಟಿಯಲ್ಲಿ ಗೋಣಿ ಅದ್ದಿ ಹಿಂಡಿ, ನನ್ನ ಪಕ್ಕ ಹಾಸಿ, ಅದರ ಮೇಲೆ ಕ್ರೇಟು ಬೋರಲು ಹಾಕಿ, ಅಲುಗುತ್ತದೆಯೋ ಎಂದು ಕೈಯಿಂದ ಒತ್ತಿ ನೋಡಿದರು. ಆಮೇಲೆ ನನಗೆ ಬೆನ್ನು ತಿರುಗಿಸಿ, ಕೋತಿಯನ್ನು ನೋಡುತ್ತಾ ನಿಂತರು.

"ಅವಸರ ಇಲ್ಲ. ನೋವಿದ್ಯಾ ನೋಡ್ಕೋ ಮೊದ್ಲು. ಆಮೇಲ್ ಪಕ್ಕಕ್ಕೆ ಹೊರಳು" ಎಂದರು.

"ನಿಮಗೆ ಗೊತ್ತಿತ್ತಾ ರೀ?"

"ಕಾರ್ತಿಕದಲ್ಲಿ ಯಾವ ಮರದಲ್ಲೇ ಕಾಯಿ ಇರುತ್ತೆ? ಅಮ್ಮ ಕ್ರೇಟು ಕೇಳ್ತಿದ್ಳು, ನೀನು ಹೊತ್ಕೊಂಡ್ ಹೋಗ್ತಿದ್ದೆ. ಮಾವಿನ ಮಂಡಿ ಇಟ್ಕೊಂಡಿರೋನು ನಾನು."

"ಮತ್ತೆ ಹೇಳ್ಲಿಲ್ಲ ಯಾಕೆ?"

"ಹೇಳಿದ್ರೆ ಅಕ್ಕನಿಗೂ ಹೇಳ್ಬೇಕಿತ್ತು."

ಅಷ್ಟು ವರ್ಷ ಆ ಪೇಪರಿನ ಹಿಂದೆ ಒಬ್ಬ ಮನುಷ್ಯ ಪ್ರತಿ ದೊಪ್ಪಿಗೂ ಉಸಿರು ಹಿಡಿದು, ಕ್ರೇಟು ಒಳಗೆ ಹೋಗಿ ಖಾಲಿ ವಾಪಸ್ಸು ಬರುವ ತನಕ ಪುಟ ತಿರುಗಿಸುತ್ತಾ ಕೂತಿದ್ದ. ನಾವಿಬ್ಬರೂ ಅವನನ್ನು ನೋಡಿ ನಗುತ್ತಿದ್ದೆವು. ನನಗೆ ಬಹಳ ನಾಚಿಕೆಯಾಯಿತು, ಅದಕ್ಕಿಂತ ಹೆಚ್ಚು ಸಮಾಧಾನವಾಯಿತು.

ನಾನು ಪಕ್ಕಕ್ಕೆ ಹೊರಳಿದೆ. ಮೊಣಕಾಲೂರಿದೆ. ಕ್ರೇಟಿನ ಮೇಲೆ ಎರಡೂ ಕೈಯಿಟ್ಟೆ. ಅವರು ತಿರುಗಿ ನೋಡಲಿಲ್ಲ, ಬಲಗೈಯೊಂದನ್ನು ಮಾತ್ರ ಹಿಂದಕ್ಕೆ ಚಾಚಿದರು. ಅದನ್ನು ಹಿಡಿದು ಎದ್ದು ನಿಂತೆ.

"ಯಾರು ಬಿದ್ದಿದ್ದು?" ಎಂದರು, ಇನ್ನೂ ಕೋತಿಯನ್ನೇ ನೋಡುತ್ತಾ.

"ನಾನೇ" ಎಂದೆ.